ನಾನಿಲ್ಲದೆ ಬೆಟ್ಟ ಹತ್ತಿದ ನನ್ನ ಶೂ

ಆದ ಅನ್ಯಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಕಾರ್ಖಾನೆಯ ಸೈರನ್ ಕೂಗಿದಂತೆ ಇಡೀ ಭದ್ರಾವತಿ ಎದ್ದು, ಉಂಡು, ಮಲಗುತ್ತಿದ್ದ ಆ ಕಾಲದಲ್ಲಿ, ನಾನು ಏಳನೆಯ ತರಗತಿಯಲ್ಲಿದ್ದ ವರ್ಷ, ಒಂದು ಬೆಳಿಗ್ಗೆ ಬೆಟ್ಟದ ಬುಡದಲ್ಲಿ ನನ್ನ ಕಾಲಿನಿಂದ ಶೂ ಬಿಚ್ಚಿಸಿದರು. ಅದನ್ನು ಮತ್ತೊಬ್ಬ ಹುಡುಗನಿಗೆ ತೊಡಿಸಿ, ನನ್ನನ್ನು ಪಾತ್ರೆ ಕಾಯಲು ಕೂರಿಸಿ, ಉಳಿದವರೆಲ್ಲ ಬೆಟ್ಟ ಹತ್ತಿಹೋದರು. ಬಿಚ್ಚಿಸಿದವರು ನಮ್ಮ ಡ್ರಿಲ್ ಮೇಷ್ಟ್ರು ರುದ್ರಪ್ಪನವರು. ತೊಟ್ಟವನು ಕಾರ್ಖಾನೆಯ ದೊಡ್ಡ ಅಧಿಕಾರಿಯೊಬ್ಬರ ಮಗ ಪ್ರಭಾಕರ. ಇಬ್ಬರೂ ಇನ್ನೂ ಬದುಕಿದ್ದಾರೆ. ನಾನೂ ಬದುಕಿದ್ದೇನೆ. ಬರೆಯಲು ಇದಕ್ಕಿಂತ ಒಳ್ಳೆಯ ಸಮಯ ಇನ್ನೊಂದಿಲ್ಲ.

ಘಟ್ಟದ ಮೇಲಿನ ಒಂದು ಉದ್ದನೆಯ ಬೆಟ್ಟಸಾಲನ್ನು ಒಂದೇ ಸಲಕ್ಕೆ ನಡೆದು ಮುಗಿಸುವುದು ಮಕ್ಕಳ ಕೈಲಾಗದ ಮಾತು. ಆದ್ದರಿಂದ ಮೇಷ್ಟ್ರು ಅದನ್ನು ಮೂರು ಭಾಗ ಮಾಡಿ, ಪ್ರತಿ ವರ್ಷ ಯುಗಾದಿಯ ಆಸುಪಾಸಿನಲ್ಲಿ ಒಂದು ಭಾಗವನ್ನು ನಡೆಸುತ್ತಿದ್ದರು. ನಮ್ಮ ಕಾಲೊನಿಯಲ್ಲಿ ಫ್ಯಾನು, ರೇಡಿಯೊ, ಹೊಲಿಗೆ ಯಂತ್ರ ಎಲ್ಲವೂ ಕಂತಿನಲ್ಲೇ ಮನೆಗೆ ಬರುತ್ತಿದ್ದುದರಿಂದ ಈ ನಡಿಗೆಯ ಭಾಗಗಳಿಗೂ ನಾವು ಕಂತು ಎಂದೇ ಹೆಸರಿಟ್ಟಿದ್ದೆವು. ಮೊದಲ ಎರಡು ಕಂತು ಕಾಡಿನ ನೆರಳಿನಲ್ಲಿ ಸಾಗುವಂಥವು. ಅವನ್ನು ನಾನೂ, ಪಕ್ಕದ ಮನೆಯ ಸೆಲ್ವಿಯೂ ನಡೆದಾಗಿತ್ತು. ಮೂರನೆಯದು ಬೋಳುಬೆಟ್ಟ. ಮರವಿಲ್ಲ, ನೀರಿಲ್ಲ, ಎರಡೂ ಬದಿಗೆ ಇಳಿಜಾರು, ನಡುವೆ ಹುಲ್ಲು ಬೆಳೆದ ಕಾಲುದಾರಿ, ತಲೆಯ ಮೇಲೆ ಬಿಸಿಲು, ಪಕ್ಕೆಗೆ ಗಾಳಿ. ಅದನ್ನೂ ನಡೆದರೆ ಇಡೀ ಸಾಲು ನಮ್ಮದಾಗುತ್ತಿತ್ತು. ಆ ವಯಸ್ಸಿನಲ್ಲಿ ನಾನು ಬೇರೇನನ್ನೂ ಅಷ್ಟು ಆಸೆಪಟ್ಟಿರಲಿಲ್ಲ.

ಸಂಕ್ರಾಂತಿ ಕಳೆಯುತ್ತಲೇ ತಯಾರಿ ಮೊದಲಾಯಿತು. ಅಪ್ಪ ನನ್ನನ್ನು ಬಸ್ಸಿನಲ್ಲಿ ಶಿವಮೊಗ್ಗಕ್ಕೆ ಕರೆದೊಯ್ದು ಗಾಂಧಿ ಬಜಾರಿನಲ್ಲಿ ಕ್ಯಾನ್ವಾಸ್ ಶೂ ಕೊಡಿಸಿದರು. ಅಂಗಡಿಯವನು ಮೂಗು ಮುರಿದು, “ಹೆಣ್ ಹುಡ್ಗಿಗೆ ಇದ್ಯಾತಕ್ಕೆ ಸ್ವಾಮಿ? ಒಳ್ಳೆ ಚಪ್ಲಿ ತೋರಿಸ್ತೀನಿ” ಎಂದ. ಅಪ್ಪ, “ಚಪ್ಲಿ ಹಾಕ್ಕೊಂಡು ನೀವು ಬೆಟ್ಟ ಹತ್ತಿ. ನನ್ ಮಗಳಿಗೆ ಶೂ ಕೊಡಿ” ಎಂದರು. ಆ ಅಂಗಡಿಯವನ ಮುಖವೂ ನನಗೆ ನೆನಪಿದೆ.

ಹೊಸ ಶೂವನ್ನು ಪಳಗಿಸುವುದಕ್ಕೆ ಮೇಷ್ಟ್ರದೇ ಒಂದು ಕ್ರಮವಿತ್ತು. ಅದನ್ನು ಭದ್ರಾ ನಾಲೆಯ ನೀರಿನಲ್ಲಿ ಪೂರಾ ನೆನೆಸಬೇಕು, ಒದ್ದೆಯಿರುವಾಗಲೇ ತೊಡಬೇಕು, ಕಾಲ ಮೇಲೆಯೇ ಒಣಗುವವರೆಗೆ ಏರಿಯ ಮೇಲೆ ನಡೆಯಬೇಕು. ಹಾಗೆ ಮಾಡಿದರೆ ಶೂ ನಿಮ್ಮ ಪಾದದ ಅಚ್ಚನ್ನೇ ಪಡೆಯುತ್ತದೆ, ಬೆರಳಿಗೆ ಬೆರಳು, ಹಿಮ್ಮಡಿಗೆ ಹಿಮ್ಮಡಿ. ಪ್ರತಿ ಭಾನುವಾರ ಉರಿಬಿಸಿಲಿನಲ್ಲೇ ನಡೆಸುತ್ತಿದ್ದರು. ಬೋಳುಬೆಟ್ಟದಲ್ಲಿ ನೆರಳು ಕೇಳಿದರೆ ಯಾರು ಕೊಡುತ್ತಾರೆ ಎಂಬುದು ಅವರ ವಾದ. ಬೆನ್ನ ಚೀಲದಲ್ಲಿ ಒಡೆದ ಇಟ್ಟಿಗೆ ಹೊರಬೇಕಿತ್ತು. ವಾರ ಕಳೆದಂತೆ ಇಟ್ಟಿಗೆ ಹೆಚ್ಚುತ್ತಿತ್ತು. ಒದ್ದೆ ಕ್ಯಾನ್ವಾಸಿನ ಆ ಮುಗ್ಗಲು ವಾಸನೆ, ನಾಲೆಯ ಕೆಸರಿನ ವಾಸನೆ, ಟೊಪ್ಪಿಯೊಳಗೆ ತಂಪಿಗೆಂದು ಇಟ್ಟುಕೊಂಡ ಈರುಳ್ಳಿಯ ವಾಸನೆ, ಮೂರೂ ಕೂಡಿದ್ದೇ ನನ್ನ ಪಾಲಿನ ವಸಂತ.

ಗಾಳಿಗೂ ತಾಲೀಮು ಇತ್ತು. ಮೇಷ್ಟ್ರು ಸೀಟಿ ಊದಿದ ಕೂಡಲೇ ಎಲ್ಲಿದ್ದೇವೋ ಅಲ್ಲೇ ಕುಕ್ಕರಗಾಲಲ್ಲಿ ಕೂತು ಹುಲ್ಲು ಹಿಡಿಯಬೇಕು. ನಮಗೆ ಅದು ಆಟವಾಯಿತು. ಸಂತೆಯ ನಡುವೆ ಕಾರ್ಖಾನೆಯ ಸೈರನ್ ಕೂಗಿದಾಗ ಸೆಲ್ವಿ ಸೊಪ್ಪಿನವಳ ಮುಂದೆ ದಪ್ಪೆಂದು ಕೂತು ಮೆಂತ್ಯದ ಕಟ್ಟು ಹಿಡಿದುಕೊಂಡಳು. “ಏನೇ ಮಾರಾಯ್ತಿ, ತಲೆ ಸುತ್ತು ಬಂತಾ?” ಎಂದು ಸೊಪ್ಪಿನವಳು ಗಾಬರಿಯಾದರೆ ಇವಳು, “ಇಲ್ಲಕ್ಕಾ, ಗಾಳಿ ಬಂತು” ಎಂದಳು.

ಅಮ್ಮ ಹುರಿಹಿಟ್ಟಿಗೆ ಬೆಲ್ಲ ಕಲಸಿ ಉಂಡೆ ಕಟ್ಟಿದಳು, ಚಟ್ನಿಪುಡಿ ಕುಟ್ಟಿದಳು. ನೀರಿನ ಬಾಟಲಿಗೆ ಗೋಣಿಬಟ್ಟೆ ಸುತ್ತಿ ಹೊಲಿದವಳು ನಾನೇ. ಗೋಣಿ ಒದ್ದೆಯಾಗಿದ್ದರೆ ನೀರು ತಣ್ಣಗಿರುತ್ತದೆ. “ಬೆಟ್ಟ ಏನು ಓಡಿಹೋಗತ್ತೇನೇ? ಹೊಲಿಗೆ ಅಷ್ಟು ಒತ್ತಾಗಿ ಯಾಕ್ ಹಾಕ್ತೀಯ?” ಎಂದು ಅಮ್ಮ ನಗುತ್ತಿದ್ದಳು.

ಹೊರಡುವ ವಾರದಲ್ಲಿ ಪ್ರಭಾಕರ ಬಂದು ಸೇರಿದ. ಒಂದು ಭಾನುವಾರವೂ ಏರಿ ತುಳಿದವನಲ್ಲ, ಒಂದು ಇಟ್ಟಿಗೆ ಹೊತ್ತವನಲ್ಲ. ಆದರೆ ಅವನ ತಂದೆ ನಮ್ಮ ಪ್ರಯಾಣಕ್ಕೆ ಕಾರ್ಖಾನೆಯ ವ್ಯಾನು ಕೊಡಿಸಿದ್ದರು. ಮಗನ ಕಾಲಿಗೆ ಕಾರ್ಖಾನೆಯ ಸೇಫ್ಟಿ ಶೂವನ್ನೂ ಕೊಡಿಸಿದ್ದರು. ಮೂತಿಯಲ್ಲಿ ಕಬ್ಬಿಣದ ಪಟ್ಟಿಯಿರುವ, ಕುಲುಮೆಯ ಮುಂದೆ ನಿಲ್ಲುವವರು ತೊಡುವ, ಮರದ ಹಲಗೆಯಷ್ಟು ಬಿರುಸಾದ ಚರ್ಮದ ಶೂ! ಕಬ್ಬಿಣ ಬಿದ್ದರೂ ಬೆರಳು ಉಳಿಯುವ ಶೂ ಎಂದ ಮೇಲೆ ಬೆಟ್ಟ ಯಾವ ಲೆಕ್ಕ ಎಂದು ಆ ಮನೆಯವರು ಎಣಿಸಿದ್ದರು. ಭದ್ರಾವತಿಯ ಅಧಿಕಾರಿಗಳ ಬಂಗಲೆಯಲ್ಲಿ ಮಾತ್ರ ಹುಟ್ಟಬಹುದಾದ ಬುದ್ಧಿ ಅದು. “ಒಮ್ಮೆ ನೀರಲ್ಲಿ ನೆನೆಸೋ” ಎಂದು ನಾನು ಹೇಳಿದೆ. “ಹೋಗೇ, ಪಾಲಿಶ್ ಹೋಗತ್ತೆ” ಎಂದ.

ಮೊದಲ ದಿನ ನಡೆದದ್ದು ಕಾಡಿನ ಸಣ್ಣ ಏರು. ಸಂಜೆ ಬೋಳುಬೆಟ್ಟದ ಬುಡದ ಖಾಲಿ ಶಾಲೆಯೊಂದರಲ್ಲಿ ಇಳಿದುಕೊಂಡೆವು. ಬೆಳಗಾಗುವಾಗ ಪ್ರಭಾಕರನ ಎರಡೂ ಹಿಮ್ಮಡಿ ಕಿತ್ತು ಕೆಂಪಾಗಿದ್ದವು. ಕಾಲುಚೀಲ ಗಾಯಕ್ಕೆ ಅಂಟಿತ್ತು. ಅವನು ಶೂವಿಗೆ ಕಾಲಿಡಲಾರೆನೆಂದು ಕಿರುಚಾಡಿದ. ಮೇಷ್ಟ್ರು ಎಲ್ಲರ ಕಾಲುಗಳನ್ನೂ ನೋಡುತ್ತ ಬಂದು ನನ್ನ ಮುಂದೆ ನಿಂತರು. ನನ್ನ ಪಾದ ವಯಸ್ಸಿಗೆ ಮೀರಿ ಉದ್ದ, ಹೆಚ್ಚುಕಡಿಮೆ ಅವನ ಅಳತೆಯದೇ.

“ಸರೋಜಾ, ನಿನ್ನ ಶೂ ಬಿಚ್ಚಮ್ಮ” ಎಂದರು.

“ಯಾಕೆ ಸಾರ್?”

“ಪ್ರಭಾಕರನಿಗೆ ಬೇಕು. ನೀನು ತಿಳಿದೋಳು. ಇವತ್ತೊಂದಿನ ಇಲ್ಲೇ ಸಾಮಾನು ನೋಡ್ಕೊಂಡಿರು. ಮುಂದಿನ ವರ್ಷ ಕರ್ಕೊಂಡ್ ಹೋಗ್ತೀನಿ.”

ಸೆಲ್ವಿ ನಡುವೆ ಬಾಯಿ ಹಾಕಿದಳು. “ಸಾರ್, ಗಾಯ ಆಗಿರೋದು ಅವನಿಗೆ. ಅವನು ಕೂತ್ಕೊಳ್ಲಿ, ಅವಳು ಬರ್ಲಿ.”

“ನೀನ್ ಬಾಯ್ಮುಚ್ಚು. ನಡ್ಕೊಂಡ್ ಹೋಗ್ತೀಯಾ ಭದ್ರಾವತಿಗೆ? ವ್ಯಾನ್ ಯಾರ್ದು ಗೊತ್ತಾ?” ಎಂದು ಗದರಿದ ಮೇಷ್ಟ್ರು, ನನ್ನ ಕಡೆ ಬಾಗಿ, ಮೆತ್ತಗೆ, ಬೇರೆಯವರಿಗೆ ಕೇಳಿಸದಂತೆ ಅಂದರು: “ನಿಮ್ಮಪ್ಪ ಇವನ ತಂದೆ ಕೈಕೆಳಗೇ ಅಲ್ವೇನಮ್ಮಾ ಇರೋದು?”

ಹನ್ನೆರಡು ವರ್ಷದ ಹುಡುಗಿಗೆ ಆಡುವ ಮಾತೇ ಅದು? ಗದರಿಸಿದ್ದರೆ ನಾನು ಎದುರು ಮಾತಾಡುತ್ತಿದ್ದೆ, ಹೊಡೆದಿದ್ದರೆ ಅತ್ತು ಮರೆಯುತ್ತಿದ್ದೆ. ಆ ಮೆತ್ತಗಿನ ದನಿಯ ಹೇಸಿಗೆ ಇಂದಿಗೂ ನನ್ನ ಕಿವಿಯಲ್ಲಿ ಜಿಡ್ಡಿನಂತೆ ಅಂಟಿಕೊಂಡಿದೆ. ನಾನು ಶೂ ಬಿಚ್ಚಿದೆ. ನನ್ನ ಗೋಣಿ ಸುತ್ತಿದ ಬಾಟಲಿಯನ್ನೂ, ಅಮ್ಮ ಕಟ್ಟಿದ ಉಂಡೆಗಳನ್ನೂ ಅವನ ಚೀಲಕ್ಕೆ ಹಾಕಿದರು. ಅದಕ್ಕೆ ನನ್ನನ್ನು ಯಾರೂ ಕೇಳಲೂ ಇಲ್ಲ.

ಶಾಲೆಯ ಮೆಟ್ಟಿಲ ಮೇಲೆ ಬರಿಗಾಲಲ್ಲಿ ಕೂತು ನೋಡಿದೆ. ಹುಲ್ಲಿನ ಮೇಲೆ ಅವರ ಸಾಲು ಇರುವೆಗಳಂತೆ ಏರಿ, ಬೆಟ್ಟದ ಬೆನ್ನಿನ ಮೇಲೆ ಆಕಾಶಕ್ಕೆ ಅಂಟಿಕೊಂಡು ಸಾಗಿತು. ಒಮ್ಮೆ ಎಲ್ಲರೂ ಒಟ್ಟಿಗೆ ಕುಸಿದು ಕೂತರು. ಗಾಳಿ ಬಂದಿರಬೇಕು. ಇಲ್ಲಿ ಎಲೆಯೂ ಅಲುಗಲಿಲ್ಲ. ಅಡುಗೆಯ ತಿಮ್ಮಣ್ಣ ಈಳಿಗೆಮಣೆ ತಂದು ಮುಂದಿಟ್ಟು, “ಈರುಳ್ಳಿ ಹೆಚ್ಚವ್ವ. ಅತ್ರೂ ಯಾರಿಗೂ ಗೊತ್ತಾಗಲ್ಲ” ಎಂದ. ಸೆಲ್ವಿಯನ್ನು ಬಿಟ್ಟರೆ ಇಡೀ ತಂಡದಲ್ಲಿ ನನಗೆ ಮರ್ಯಾದೆ ಕೊಟ್ಟವನು ಅವನೊಬ್ಬ.

ಸಂಜೆ ಅವರು ಇಳಿದು ಬಂದರು. ಪ್ರಭಾಕರ ನನ್ನ ಶೂವಿನ ಹಿಂಬದಿಯನ್ನು ತುಳಿದು ಮಡಚಿ, ಚಪ್ಪಲಿಯಂತೆ ಎಳೆದುಕೊಂಡು ಬಂದಿದ್ದ. ವಾರಗಟ್ಟಲೆ ನೆನೆಸಿ, ನಡೆದು, ನನ್ನ ಹಿಮ್ಮಡಿಗೆ ಹೊಂದಿಸಿದ್ದ ಆ ಜಾಗವೇ ಮುರಿದುಹೋಗಿತ್ತು. ಒಳಗೆ ರಕ್ತ, ಕೀವು, ಅವನ ಬೆವರು ಎಲ್ಲ ಸೇರಿ ಪಿಚಪಿಚ ಅನ್ನುತ್ತಿತ್ತು. ನನ್ನ ಮುಂದೆ ಎಸೆದು, “ನಿನ್ ಶೂ ಲೂಸ್ ಕಣೇ” ಎಂದ. ಆ ಶೂವನ್ನು ಮತ್ತೆ ನಾನು ತೊಡಲಿಲ್ಲ. ಅಪ್ಪನಿಗೆ ಕಾರಣ ಹೇಳಲೂ ಇಲ್ಲ, ಹೇಳಿದ್ದರೆ ಅವರು ಕೆಲಸದಲ್ಲಿ ಆ ಅಧಿಕಾರಿಯ ಮುಂದೆ ತಲೆ ತಗ್ಗಿಸಬೇಕಾಗುತ್ತಿತ್ತು. ಮರುವರ್ಷ ಮೇಷ್ಟ್ರು, ಏಳನೆಯ ತರಗತಿ ದಾಟಿದ ಹೆಣ್ಣುಮಕ್ಕಳನ್ನು ಕರೆದೊಯ್ಯುವುದಿಲ್ಲವೆಂದು ಪ್ರಾರ್ಥನೆಯ ಹೊತ್ತಿನಲ್ಲಿ ಹೇಳಿದರು. ನನ್ನ ಕಡೆ ನೋಡದೆಯೇ ಹೇಳಿದರು.

ಇದನ್ನೆಲ್ಲ ಈಗ ಏಕೆ ಬರೆಯುತ್ತಿದ್ದೇನೆಂದರೆ, ಈಚೆಗೆ ಶಿವಮೊಗ್ಗದಲ್ಲಿ ಹಳೆಯ ವಿದ್ಯಾರ್ಥಿಗಳು ಸೇರಿ ರುದ್ರಪ್ಪ ಮೇಷ್ಟ್ರಿಗೆ ಶಾಲು ಹೊದಿಸಿದರು. ವೇದಿಕೆಯ ಮೇಲೆ ಪ್ರಭಾಕರ ಮಾತಾಡಿದ: “ಆ ಬೋಳುಬೆಟ್ಟ ನನಗೆ ಛಲ ಕಲಿಸ್ತು. ಕಾಲು ಕಿತ್ತುಹೋಗಿತ್ತು, ಆದ್ರೂ ಬಿಡ್ಲಿಲ್ಲ. ಮೇಷ್ಟ್ರು ಎಲ್ಲಿಂದಲೋ ಒಂದು ಜೊತೆ ಶೂ ಹೊಂದಿಸಿಕೊಟ್ರು.” ಸಭೆ ಚಪ್ಪಾಳೆ ತಟ್ಟಿತು. ಮೇಷ್ಟ್ರು ಶಾಲಿನೊಳಗೆ ತಲೆದೂಗಿದರು. ಮೂರನೆಯ ಸಾಲಿನಲ್ಲಿ ನಾನು ಕೂತಿದ್ದೆ. ಎಲ್ಲಿಂದಲೋ ಅಂತೆ!

ಈಗ ಆ ಬೆಟ್ಟದ ಬೆನ್ನಿನವರೆಗೆ ಜೀಪು ಹೋಗುತ್ತದೆ. “ಮಂಡಿ ನೋವಿದ್ರೇನಜ್ಜಿ, ಕೂತ್ಕೊಂಡೇ ಹೋಗ್ಬಹುದು” ಎಂದು ಮೊಮ್ಮಗಳು ತೆಗೆದುಕೊಂಡುಬಂದ ಫೋಟೊ ತೋರಿಸಿದಳು. ಹುಲ್ಲಿನ ಮೇಲೆ ಟೈರಿನ ಗೀರು, ಚಿಪ್ಸಿನ ಪೊಟ್ಟಣ, ಒಡೆದ ಬೀರಿನ ಬಾಟಲಿ. ನಾನು ಒಲ್ಲೆನೆಂದೆ. ಅಂದು ತಯಾರಾಗಿದ್ದ ಕಾಲುಗಳು ಈಗಿಲ್ಲ, ಕಾಲಿಗೆ ಮಾತ್ರ ದಕ್ಕುತ್ತಿದ್ದ ಆ ದಾರಿಯೂ ಈಗಿಲ್ಲ. ಎರಡೂ ಒಂದೇ ಕಾಲಕ್ಕೆ ಇದ್ದದ್ದು ಆ ಒಂದೇ ಬೆಳಿಗ್ಗೆ.

ಮೇಷ್ಟ್ರೇ, ಪ್ರಭಾಕರ, ನಿಮ್ಮಿಬ್ಬರನ್ನೂ ಒಂದೇ ಒಂದು ಮಾತು ಕೇಳುತ್ತೇನೆ. ಅದು ಮರವಿಲ್ಲದ ಬೆಟ್ಟ, ನಡುವೆ ಅಡ್ಡವೇನೂ ಇರಲಿಲ್ಲ. ಕೆಳಗಿದ್ದ ನನಗೆ ನೀವು ಕೊನೆಯವರೆಗೂ ಕಾಣುತ್ತಿದ್ದಿರಿ. ಹಾಗಾದರೆ ನಿಮಗೂ ಆ ಶಾಲೆಯ ಮೆಟ್ಟಿಲು ಕಾಣುತ್ತಿದ್ದಿರಲೇಬೇಕು. ಆ ಇಡೀ ದಿನದಲ್ಲಿ, ಒಂದು ಸಲವಾದರೂ, ನೀವು ತಿರುಗಿ ಕೆಳಗೆ ನೋಡಿದಿರಾ?