ಇಂದ್ರಾಣಿಯ ಮ್ಯಾಕ್ರೊ ದಾರಿ ತಪ್ಪಿದ್ದು

ತಿಲಕ್ ನಗರದ ಇಂದ್ರಾಣಿ ಮದುವೆಯಾಗಿ ಎಷ್ಟೋ ವರ್ಷದ ಮೇಲೆ ಬಿ.ಕಾಂ. ಓದಲು ಹೊರಟಾಗ ನೆಂಟರಿಷ್ಟರು ಬಾಯಿಗೆ ಬಂದಂತೆ ಆಡಿಕೊಂಡರು. ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ. ಆದರೆ ಅವಳು ಸೇರಿದ್ದ ಜಯನಗರದ ಸಂಜೆ ಕಾಲೇಜಿನ ಪ್ರಿನ್ಸಿಪಾಲರ ಮಾತನ್ನು ಹಾಗೆ ತಳ್ಳಿಹಾಕುವಂತಿರಲಿಲ್ಲ. ಅಕೌಂಟೆನ್ಸಿ ಕ್ಲಾಸು ಇನ್ನೂ ತಪ್ಪಿಸಿದರೆ ಹಾಜರಿ ಸಾಲದು, ಪರೀಕ್ಷೆಗೆ ಕೂರಿಸುವುದಿಲ್ಲ ಎಂದಿದ್ದರು.

ಕ್ಲಾಸು ತಪ್ಪಿಸುತ್ತಿದ್ದದ್ದು ಅವಳಲ್ಲ, ಆಫೀಸಿನ ಇ-ಮೇಲ್. ಅವಳು ಕೆಲಸಕ್ಕಿದ್ದ ಜೆ.ಪಿ. ನಗರದ ಆಫೀಸು ಯುಪಿಎಸ್ ರಿಪೇರಿಯದು. ಇಸವಿ 2003, ಕರೆಂಟ್ ಹೋದಷ್ಟೂ ದೂರು. ಒಂದೊಂದನ್ನೂ ಓದಿ, ಯಾವ ಏರಿಯಾ ಎಂದು ನೋಡಿ, ಆ ಏರಿಯಾದ ಮೆಕ್ಯಾನಿಕ್ ಫೋಲ್ಡರಿಗೆ ಸೇರಿಸಿ, ಮರುದಿನಕ್ಕೆ ಪ್ರಿಂಟ್ ತೆಗೆದಿಟ್ಟು ಹೊರಡುವಷ್ಟರಲ್ಲಿ ಕಾಲೇಜಿನಲ್ಲಿ ಮೊದಲ ಕ್ಲಾಸಾದ ಅಕೌಂಟೆನ್ಸಿ ಮುಗಿದಿರುತ್ತಿತ್ತು.

ಊಟದ ಬಿಡುವಿನಲ್ಲಿ ಕಂಪ್ಯೂಟರಿನ ಹೆಲ್ಪ್ ಪುಟಗಳನ್ನು ತಡಕಾಡಿ ಅವಳೊಂದು ಮ್ಯಾಕ್ರೊ, ಅಂದರೆ ಕಂಪ್ಯೂಟರೇ ತಾನಾಗಿ ಕೆಲಸ ಮಾಡುವಂಥ ಪುಟ್ಟ ಪ್ರೋಗ್ರಾಂ ಬರೆದಳು. ಗುಂಡಿ ಒತ್ತಿದರೆ ಅದು ಪ್ರತಿ ಮೇಲ್‌ನಲ್ಲೂ ಏರಿಯಾದ ಹೆಸರು ಹುಡುಕಿ, ಮೊದಲು ಸಿಕ್ಕ ಹೆಸರಿನ ಫೋಲ್ಡರಿಗೆ ಒಯ್ದು ಹಾಕಬೇಕು. ಒಂದು ಸಂಜೆ ಒತ್ತಿಯೂ ಒತ್ತಿದಳು. ಇನ್‌ಬಾಕ್ಸ್ ಕಣ್ಣೆದುರೇ ಬಹುತೇಕ ಬರಿದಾಯಿತು. ಅಂದಿನ ಕ್ಲಾಸು ಆಗಲೇ ತಪ್ಪಿತ್ತು, ಆದರೂ ಹಿಗ್ಗಿನಲ್ಲಿ ಮನೆಗೆ ಹೋದಳು.

ಮರುದಿನ ಮಧ್ಯಾಹ್ನ ಮೆಕ್ಯಾನಿಕ್ ಹಣಮಪ್ಪ ಬೆವರೊರೆಸಿಕೊಳ್ಳುತ್ತ ಬಂದ.

"ಅಕ್ಕಾರ, ಬನಶಂಕರಿ ಅಂತ ಕಟ್ಟು ಕೊಟ್ರಿ, ಹ್ವಾದೆ. ಅಲ್ಲಿ ನಿಂತು ಪೂರ್ತಿ ಓದಿದ್ರ ಒಬ್ರು ವಸಂತಪುರದಾಗ ಅದಾರ, ಇನ್ನೊಬ್ರು ಸಾರಕ್ಕ್ಯಾಗ."

ಮಾಲೀಕ ಅನಂತಪದ್ಮನಾಭ ಕೋಪಿಷ್ಠರಲ್ಲ. ಆದರೆ ಬೆಳಗಿನಿಂದ ಗಿರಾಕಿಗಳ ಬೈಗುಳ ತಿಂದು ಬೆಂದಿದ್ದರು. "ನೋಡಮ್ಮ, ಆ ಮ್ಯಾಕ್ರೊ ಸಹವಾಸ ಸಾಕು. ಮೊದಲಿನ ಥರ ಕೈಯಲ್ಲೇ ಮಾಡು."

"ಇವತ್ತೊಂದು ದಿನ ಕೊಡಿ ಸಾರ್. ಸರಿಹೋಗ್ಲಿಲ್ಲ ಅಂದ್ರೆ ನಾನೇ ತೆಗೆದುಹಾಕ್ತೀನಿ."

ಮಾತೇನೋ ಕೊಟ್ಟಳು, ತಪ್ಪೆಲ್ಲಿದೆ ಎಂದು ಗೊತ್ತಿದ್ದರಲ್ಲವೇ! ಎಷ್ಟು ಸಲ ಓದಿದರೂ ಬರೆದದ್ದರಲ್ಲಿ ಹುಳುಕು ಕಾಣದು. ಅಳುವೇ ಬಂತು. ಅಷ್ಟರಲ್ಲಿ ಫೋನು. ಯಾರೋ ಗಿರಾಕಿ ಆಫೀಸು ಎಲ್ಲಿ ಬರುತ್ತದೆಂದು ಕೇಳಿದರು.

"ಬನಶಂಕರಿ ಬಸ್ ಸ್ಟ್ಯಾಂಡಿಂದ ಸೀದಾ ಬನ್ನಿ ಮೇಡಂ, ಸಾರಕ್ಕಿ ಸಿಗ್ನಲಲ್ಲಿ ಎಡಗಡೆ ತಿರುಗಿದ್ರೆ ಜೆ.ಪಿ. ನಗರ, ಅಲ್ಲಿ..." ಎನ್ನುತ್ತಿದ್ದವಳು ಹಾಗೇ ನಿಂತಳು.

ನಮ್ಮ ಚಾಳಿಯೇ ಇದು. ವಿಳಾಸ ಕೇಳಿದರೆ ದಾರಿ ಹೇಳುತ್ತೇವೆ. ಮೇಲ್ ಬರೆದರೂ ಅಷ್ಟೆ, ಬನಶಂಕರಿಯಲ್ಲಿ ಬಸ್ಸಿಳಿಸಿ, ಒಂದು ಗುಡಿ, ಒಂದು ಬೇಕರಿ ದಾಟಿಸಿ, ಕಟ್ಟಕಡೆಗೆ ಮನೆ ಮುಟ್ಟಿಸುತ್ತೇವೆ. ಮ್ಯಾಕ್ರೊ ಪಾಪ, ಮೊದಲ ಸ್ಟಾಪಿನಲ್ಲೇ ಇಳಿದುಬಿಟ್ಟಿತ್ತು.

ಇಂದ್ರಾಣಿ ಹುಡುಕಾಟವನ್ನು ತಿರುಗಿಸಿದಳು. ಮೇಲ್‌ನ ಕೊನೆಯಿಂದ ಹಿಂದಕ್ಕೆ ಹುಡುಕು, ಅಲ್ಲಿ ಮೊದಲು ಸಿಗುವ ಏರಿಯಾವೇ ಮನೆಯಿರುವ ಏರಿಯಾ. ಏರಿಯಾದ ಹೆಸರೇ ಇಲ್ಲದ ಒಂದಿಷ್ಟು ಮೇಲ್ ಹಾಗೇ ಉಳಿದವು, ಒಂದೆರಡು ಬೇರೆ ಕಡೆ ಹೋದವು. ಎಲ್ಲವನ್ನೂ ಕಣ್ಣಾರೆ ನೋಡಿ ಸರಿಪಡಿಸುವ ಹೊತ್ತಿಗೆ ಅಂದೂ ತಡವಾಯಿತು.

ಮರುದಿನ ಹಣಮಪ್ಪ, "ಎಲ್ಲಾ ಬರಾಬರಿ ಇತ್ರಿ ಅಕ್ಕಾರ" ಎಂದ. ಮಾಲೀಕರು ಹೊಗಳಲಿಲ್ಲ. ಸಂಜೆಯಾಗುತ್ತಲೇ ಗಡಿಯಾರ ನೋಡಿ, "ಕ್ಲಾಸಿಗೆ ಹೊತ್ತಾಗ್ಲಿಲ್ವೇನಮ್ಮ?" ಎಂದರಷ್ಟೆ.

ಕಾಲೇಜಿನಲ್ಲಿ ಅಕೌಂಟೆನ್ಸಿ ಮೇಷ್ಟ್ರು ಶಾಮಣ್ಣ ಹಾಜರಿ ಕೂಗುತ್ತಿದ್ದರು. ಅವಳ ಸರದಿ ಬಂತು, ದಾಟಿಯೂ ಹೋಯಿತು. ಎಂದೂ ಬರದವಳ ಹೆಸರು ಕೂಗುವುದನ್ನೇ ಅವರು ಬಿಟ್ಟಿದ್ದರು. ಇಂದ್ರಾಣಿ ಎದ್ದು ನಿಂತಳು.

"ಸಾರ್, ನನ್ನ ಹೆಸರು ಕೂಗ್ಲಿಲ್ಲ. ಇಂದ್ರಾಣಿ ಅಂತ. ಇನ್ಮೇಲೆ ದಿನಾ ಬರ್ತೀನಿ."