ಕರಿಬಸಮ್ಮನ ನೂರು ಮೀಟರ್

ನ್ಯಾಮತಿಯ ಮೈದಾನದಲ್ಲಿ ಇನ್ನೂ ಎದುರಿಗಿದ್ದವರ ಮುಖ ಗುರುತು ಸಿಗದಷ್ಟು ಮಬ್ಬು. ಹುಲ್ಲಿನ ಮೇಲೆ ಇಬ್ಬನಿ ಕೂತಿದೆ. ನಟ್ಟನಡುವೆ ಒಬ್ಬ ಹೆಂಗಸು ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ತಲೆಗೆ ಟವೆಲ್ ಸುತ್ತಿಕೊಂಡು ಕಬ್ಬಿಣದ ಗೂಟವೊಂದನ್ನು ನೆಲಕ್ಕೆ ಹೊಡೆಯುತ್ತಿದ್ದಾರೆ. ಗೂಟಕ್ಕೆ ತಂತಿ ಕಟ್ಟುತ್ತಾರೆ. ತಂತಿಯ ಇನ್ನೊಂದು ತುದಿ ಹಿಡಿದು ಹಿಂದಕ್ಕೆ ಹಿಂದಕ್ಕೆ ನಡೆಯುತ್ತಾರೆ. ಅದು ಬಿಗಿಯಾದ ಕಡೆ ನಿಂತು, ಅಲ್ಲಿಂದ ಸುತ್ತು ಬರುತ್ತಾ ಮೊಳೆಯಿಂದ ನೆಲದ ಮೇಲೆ ಗೀರು ಎಳೆಯುತ್ತಾರೆ. ಅವರ ಹಿಂದೆಯೇ ಗಂಡ ಓಂಕಾರಪ್ಪ ತಳಕ್ಕೆ ತೂತು ಹೊಡೆದ ಎಣ್ಣೆ ಡಬ್ಬ ಅಲ್ಲಾಡಿಸುತ್ತಾ ಬರುತ್ತಾರೆ. ಗೀರಿನ ಮೇಲೆ ಸುಣ್ಣದ ಪುಡಿ ಉದುರುತ್ತದೆ. ಬೆಳಕು ಹರಿಯುವ ಹೊತ್ತಿಗೆ ಮೈದಾನದ ಒಂದು ತಿರುವು ಬೆಳ್ಳಗೆ ಎದ್ದು ಕಾಣುತ್ತದೆ.

"ಹಗ್ಗ ಆಗಲ್ರೀ. ಹಗ್ಗ ಎಳೆದಂಗೆ ಹಿಗ್ತೈತೆ, ಇಬ್ಬನಿಗೆ ನೆಂದ್ರೆ ಕುಗ್ತೈತೆ. ತಂತಿ ಆದ್ರೆ ಹೇಳಿದಷ್ಟೇ ಇರ್ತೈತೆ," ಎನ್ನುತ್ತಾರೆ ಕರಿಬಸಮ್ಮ, ತಲೆ ಎತ್ತದೆ.

ಒಂಬತ್ತು ಗಂಟೆಗೆ ಇಲ್ಲಿ ತಾಲ್ಲೂಕು ಮಟ್ಟದ ಶಾಲಾ ಕ್ರೀಡಾಕೂಟ. ಮೂವತ್ತಕ್ಕೂ ಹೆಚ್ಚು ಶಾಲೆಗಳ ಮಕ್ಕಳು ಬರುತ್ತಾರೆ. ಅವರು ಓಡುವ ಟ್ರ್ಯಾಕ್ ರಾತ್ರೋರಾತ್ರಿ ತಾನಾಗಿಯೇ ಮೂಡಿದ್ದೆಂದೇ ಬಂದವರೆಲ್ಲ ತಿಳಿಯುತ್ತಾರೆ. ಓಡಿದವರಿಗೆ ಪದಕ, ಓಡಿಸಿದವರಿಗೆ ಶಾಲು, ಬಂದವರಿಗೆಲ್ಲ ಹಾರ. ಗೆರೆ ಎಳೆದವರು ಆ ಹೊತ್ತಿಗೆ ಯಾವುದೋ ನಲ್ಲಿಯ ಕೆಳಗೆ ಕೈ ತೊಳೆಯುತ್ತಿರುತ್ತಾರೆ.

ಕರಿಬಸಮ್ಮನಿಗೆ ಈಗ ಐವತ್ತೊಂದು. ಊರು ಹೊನ್ನಾಳಿ ತಾಲ್ಲೂಕಿನ ಸಾಸ್ವೆಹಳ್ಳಿ. ಓದಿದ್ದು ಏಳನೇ ಕ್ಲಾಸು. ಆಗಸ್ಟ್‌ನಿಂದ ದಸರಾ ಕಳೆಯುವವರೆಗೆ ಹೊನ್ನಾಳಿ, ನ್ಯಾಮತಿ, ಚನ್ನಗಿರಿ, ಜಗಳೂರು ಎಂದು ನಾಲ್ಕು ತಾಲ್ಲೂಕು ಸುತ್ತುತ್ತಾರೆ. ಒಂದು ಹಂಗಾಮಿಗೆ ಇಪ್ಪತ್ತೈದು ಕ್ರೀಡಾಕೂಟಗಳಿಗೆ ಮೋಸವಿಲ್ಲ. ಒಂದೊಂದಕ್ಕೆ ಏಳೆಂಟು ಚೀಲ ಸುಣ್ಣದ ಪುಡಿ. ಒಂದೂವರೆ ಕಿಲೋಮೀಟರಿನಷ್ಟು ಗೆರೆಯನ್ನು ಸೊಂಟ ಬಗ್ಗಿಸಿಯೇ ಎಳೆಯಬೇಕು. ಉಳಿದ ತಿಂಗಳುಗಳಲ್ಲಿ ಭತ್ತದ ನಾಟಿ, ಕಳೆ, ಮನೆಯ ಒಂದು ಎಕರೆ. ಓಂಕಾರಪ್ಪ ಹೊನ್ನಾಳಿಯ ಅಕ್ಕಿ ಗಿರಣಿಯಲ್ಲಿ ಹಮಾಲಿ. ಹೆಂಡತಿಗೆ ಕೆಲಸ ಇದ್ದ ದಿನ ಗಿರಣಿಗೆ ರಜೆ ಹಾಕಿ ಬರುತ್ತಾರೆ.

"ಚೀಲ ಹೊರೋದೇ ನನ್ ಕಸುಬು. ಅಲ್ಲಿ ಅಕ್ಕಿ, ಇಲ್ಲಿ ಸುಣ್ಣ. ಇಲ್ಲಿ ಸಾಹುಕಾರ್ತಿ ಮನೆಯೋಳು, ಬೈಯೋದು ಜಾಸ್ತಿ," ಎಂದು ಓಂಕಾರಪ್ಪ ನಗುತ್ತಾರೆ. ಕರಿಬಸಮ್ಮ ತಿರುಗಿ, "ಡಬ್ಬ ನೆಟ್ಟಗೆ ಹಿಡೀರಿ ಮದ್ಲು," ಎನ್ನುತ್ತಾರೆ.

ಈ ಕೆಲಸಕ್ಕೆ ಅವರು ಬಂದದ್ದು ಹತ್ತೊಂಬತ್ತು ವರ್ಷದ ಹಿಂದೆ, ಅದೂ ಹುಲ್ಲು ಕೀಳಲು. ಹೊನ್ನಾಳಿಯಲ್ಲಿ ಕ್ರೀಡಾಕೂಟಕ್ಕೆ ಮೈದಾನ ಸ್ವಚ್ಛ ಮಾಡಬೇಕಿತ್ತು. ಆಳೆತ್ತರ ಬೆಳೆದ ಕಾಂಗ್ರೆಸ್ ಗಿಡ ಕಿತ್ತು ಹಾಕಲು ನಾಲ್ಕು ಹೆಣ್ಣಾಳು ಬೇಕೆಂದಾಗ ಕರಿಬಸಮ್ಮ ಹೋಗಿದ್ದರು. ಟ್ರ್ಯಾಕ್ ಹಾಕಿಸುತ್ತಿದ್ದ ಪಿ.ಟಿ. ಮೇಷ್ಟ್ರು ಜಯದೇವಪ್ಪನವರ ಟೇಪಿನ ಇನ್ನೊಂದು ತುದಿ ಹಿಡಿಯಲು ಯಾರೂ ಇರಲಿಲ್ಲ. "ಬಾರಮ್ಮ, ಹಿಂಗೆ ಹಿಡ್ಕ," ಎಂದರು. ಇವರು ಹಿಡಿದರು. ಸುಮ್ಮನೆ ಹಿಡಿಯಲಿಲ್ಲ, ಒಂದು ಪ್ರಶ್ನೆ ಕೇಳಿದರು: ಎಲ್ಲರೂ ಒಂದೇ ಕಡೆ ಮುಗಿಸುವಾಗ ಶುರು ಮಾಡುವಾಗ ಮಾತ್ರ ಯಾಕೆ ಒಬ್ಬರ ಮುಂದೆ ಒಬ್ಬರು?

ಮೇಷ್ಟ್ರು ನೆಲದ ಮೇಲೆ ವೃತ್ತ ಬರೆದು ಲೆಕ್ಕ ಹೇಳಲು ಹೋದರು. ಕರಿಬಸಮ್ಮನಿಗೆ ಅದು ತಲೆಗೆ ಹತ್ತಲಿಲ್ಲ. ಸ್ವಲ್ಪ ಹೊತ್ತು ನೋಡುತ್ತಾ ನಿಂತವರು, "ಒಕ್ಕೋ ಕಣದಾಗೆ ಮೇಟಿ ಕಂಬದ ಸುತ್ತ ಎತ್ತು ಕಟ್ತಾರಲ್ರೀ, ಹಂಗೇನು? ಹೊರಗಿನ ಎತ್ತು ಜಾಸ್ತಿ ನಡೀತೈತೆ. ಅದಕ್ಕೇ ಗಟ್ಟಿ ಎತ್ತು ಹೊರಗೆ ಕಟ್ಟೋದು," ಎಂದರು. ಜಯದೇವಪ್ಪ ಮೇಷ್ಟ್ರು ಕೈಯಲ್ಲಿದ್ದ ಕಡ್ಡಿ ಬಿಸಾಡಿ ನಕ್ಕುಬಿಟ್ಟರು. ಅವತ್ತಿನಿಂದ ಅವರು ಎಲ್ಲಿ ಟ್ರ್ಯಾಕ್ ಹಾಕಲು ಹೋದರೂ ಕರಿಬಸಮ್ಮನಿಗೆ ಕರೆ. ಒಂದು ಪೂರ್ತಿ ಸುತ್ತಿನ ಓಟಕ್ಕೆ ಎರಡನೇ ಲೇನಿನವರು ಏಳು ಮೀಟರ್ ನಾಲ್ಕು ಸೆಂಟಿಮೀಟರ್ ಮುಂದೆ, ಅಲ್ಲಿಂದಾಚೆ ಪ್ರತಿ ಲೇನಿಗೂ ಏಳು ಮೀಟರ್ ಅರವತ್ತೇಳು. ಈ ಲೆಕ್ಕ ಈಗ ಅವರಿಗೆ ಬಾಯಿಪಾಠ. ಕಣ್ಣಿನ ಪೊರೆ ಬಂದು ಮೇಷ್ಟ್ರು ಮನೆ ಹಿಡಿದ ಮೇಲೆ ಟೇಪು, ಗೂಟ, ತಂತಿ ಎಲ್ಲ ಇವರ ಕೈಗೆ ಬಂದವು.

ನಾಲ್ಕು ತಾಲ್ಲೂಕಿನ ಮಣ್ಣೂ ಅವರಿಗೆ ಗೊತ್ತು. ಹೊನ್ನಾಳಿಯ ಎರೆಮಣ್ಣು ಬಿರುಕು ಬಿಟ್ಟರೆ ಸುಣ್ಣ ಬಿರುಕಿನೊಳಗೆ ಇಳಿದುಹೋಗುತ್ತದೆ. ಜಗಳೂರಿನ ನೆಲಕ್ಕೆ ಗೂಟ ಇಳಿಸಬೇಕಾದರೆ ಹಿಂದಿನ ದಿನವೇ ಹೋಗಿ ಕೊಡ ನೀರು ಸುರಿದು ಬರಬೇಕು. ಚನ್ನಗಿರಿ ಕಡೆಯ ಕೆಂಪು ಮಣ್ಣಿನಲ್ಲಿ ಗೆರೆ ಎದ್ದು ಕಾಣುತ್ತದೆ. ಅಲ್ಲಿ ಎಳೆಯುವುದೆಂದರೆ ಅವರಿಗೆ ಖುಷಿ. ಸುಣ್ಣಕ್ಕೆ ಬೆರಳ ಸಂದುಗಳು ಒಡೆಯುತ್ತವೆ, ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಮಲಗುತ್ತಾರೆ. ಎಳೆದು ಮುಗಿಸಿದ ಮೇಲೆ ಮಳೆ ಬಂದರೆ ಮತ್ತೆ ಮೊದಲಿನಿಂದ. ಒಮ್ಮೆ ಹೊರಗಿನಿಂದ ಬಂದಿದ್ದ ಅಧಿಕಾರಿಯೊಬ್ಬರು, "ಇದೇನಮ್ಮ, ರಂಗೋಲಿ ಹಾಕ್ತಾ ಇದೀಯಾ?" ಎಂದು ತಮಾಷೆ ಮಾಡಿದ್ದರಂತೆ. "ರಂಗೋಲಿ ತಪ್ಪಿದ್ರೆ ಅಳಿಸಿ ಹಾಕಬೌದು ಸಾರ್. ಇದು ತಪ್ಪಿದ್ರೆ ಮಕ್ಕಳ ಓಟ ತಪ್ತೈತೆ," ಎಂದು ಕರಿಬಸಮ್ಮ ತಿರುಗಿ ಹೇಳಿದ್ದರು.

ಆ ಮಾತು ಎಷ್ಟು ನಿಜವೆಂಬುದು ಮೂರು ವರ್ಷದ ಹಿಂದೆ ಅವರ ಬುಡಕ್ಕೇ ಬಂತು.

ಚನ್ನಗಿರಿಯ ಕ್ರೀಡಾಕೂಟ. ಜಯದೇವಪ್ಪ ಮೇಷ್ಟ್ರು ಕೊಟ್ಟಿದ್ದು ಐವತ್ತು ಮೀಟರಿನ ಟೇಪು, ಅದರ ಮೊದಲ ಒಂದು ಮೀಟರ್ ಹರಿದುಹೋಗಿತ್ತು. ಹಾಗಾಗಿ ಪೂರ್ತಿ ಎಳೆದರೂ ಸಿಗುವುದು ನಲವತ್ತೊಂಬತ್ತೇ. ನೂರು ಮೀಟರ್ ಅಳೆಯಲು ಎರಡು ಸಲ ಪೂರ್ತಿ ಎಳೆದು, ಮೂರನೇ ಸಲ ಎರಡು ಮೀಟರ್ ಸೇರಿಸಬೇಕು. ಅವತ್ತು ಬೆಳಿಗ್ಗೆ ಜಿಟಿಜಿಟಿ ಮಳೆ. ಹಾಕಿದ್ದ ಗೆರೆಯೆಲ್ಲ ತೊಳೆದುಹೋಗಿ, ಅತಿಥಿಗಳು ಬರುವ ಹೊತ್ತಾಯಿತೆಂದು ಎಲ್ಲರೂ ಅವಸರ ಮಾಡುತ್ತಿದ್ದರು. ಕರಿಬಸಮ್ಮ ಓಡಾಡಿ ಮತ್ತೆ ಗೆರೆ ಹಾಕಿದರು. ಹುಡುಗಿಯರ ನೂರು ಮೀಟರ್ ಓಟದಲ್ಲಿ ಕತ್ತಲಗೆರೆಯ ಹತ್ತನೇ ಕ್ಲಾಸಿನ ಅಕ್ಷಿತಾ ಹನ್ನೆರಡು ಪಾಯಿಂಟ್ ಆರು ಸೆಕೆಂಡಿಗೆ ಗುರಿ ಮುಟ್ಟಿದಳು. ಇಡೀ ಮೈದಾನ ಎದ್ದು ನಿಂತಿತು. ಜಿಲ್ಲೆಯಲ್ಲಿ ಈ ಹುಡುಗಿಗೆ ಎದುರಿಲ್ಲ ಎಂದು ಎಲ್ಲರೂ ಹೇಳಿದರು.

ಮರುದಿನ ಹೊನ್ನಾಳಿಯಲ್ಲಿ ಅದೇ ಟೇಪು ಹಿಡಿದು ಮೂರನೇ ಸಲ ಎರಡು ಮೀಟರ್ ಅಳೆಯುವಾಗ ಕರಿಬಸಮ್ಮನ ಕೈ ನಿಂತುಹೋಯಿತು. ನಿನ್ನೆ ಹೀಗೆ ಮೂರನೇ ಸಲ ಬಗ್ಗಿದ್ದೇ ನೆನಪಿಲ್ಲ. ಕೆಲಸ ಮುಗಿಸಿ, ಗಂಡನನ್ನು ಕರೆದುಕೊಂಡು ಚನ್ನಗಿರಿಗೆ ಬಸ್ ಹತ್ತಿದರು. ಗುರಿಯ ಕಂಬ ನೆಟ್ಟ ಗುಣಿಗಳು ಹಾಗೇ ಇದ್ದವು, ಓಟ ಶುರುವಾದ ಕಡೆ ಸುಣ್ಣವೂ ಇತ್ತು. ಅಳೆದರು. ತೊಂಬತ್ತೆಂಟು.

"ಅಲ್ಲೇ ಕುಂತ್ಕಂಡುಬಿಟ್ಟೆ ರೀ. ಹದಿನಾರು ವರ್ಷ ಒಂದು ಗೇಣು ತಪ್ಪಿರ್ಲಿಲ್ಲ," ಎನ್ನುತ್ತಾರೆ.

ಕ್ರೀಡಾಕೂಟದ ಉಸ್ತುವಾರಿ ವಹಿಸಿದ್ದ ಬಸವರಾಜಪ್ಪ ಮೇಷ್ಟ್ರ ಮನೆಗೆ ಹೋಗಿ ನಡೆದದ್ದನ್ನು ಹೇಳಿದರು. ಮೇಷ್ಟ್ರು ಕೆಟ್ಟವರಲ್ಲ. "ಎಲ್ರೂ ಅಷ್ಟೇ ದೂರ ಓಡ್ಯಾರಲ್ಲಕ್ಕಾ. ಗೆದ್ದೋರೇನು ಬದಲಾಗಲ್ಲ. ಬಿಟ್ಟಾಕಿ," ಎಂದರು. ಕರಿಬಸಮ್ಮ ಒಪ್ಪಲಿಲ್ಲ. "ಗೆದ್ದೋರು ಬದಲಾಗಲ್ಲ, ಖರೆ. ಆದ್ರೆ ಆ ಹುಡುಗಿ ತನ್ನ ಕಾಲಿನ ಶಕ್ತಿನೇ ತಪ್ಪು ತಿಳ್ಕಂಡಾಳೆ. ನೀವು ಬರ್ಕೊಳ್ರಿ, ನಾ ಅವಳಿಗೆ ಹೇಳ್ತೀನಿ." ಮೇಷ್ಟ್ರು ಪಟ್ಟಿ ತೆಗೆದು, ಆ ಓಟದ ಸಮಯವನ್ನು ಪರಿಗಣಿಸಬಾರದು ಎಂದು ಬರೆದು ಸಹಿ ಹಾಕಿದರು.

ಕತ್ತಲಗೆರೆಯ ಮನೆಯಲ್ಲಿ ಟಿ.ವಿ. ಪಕ್ಕ ಹೊಸ ಕಪ್ ಇಟ್ಟಿದ್ದರು. ಅಕ್ಷಿತಾಳ ತಾಯಿ ವನಜಾಕ್ಷಿ ಟೀ ಕೊಟ್ಟರು. ಕರಿಬಸಮ್ಮ ಲೋಟ ಕೆಳಗಿಟ್ಟು, ತಪ್ಪು ತನ್ನದೆಂದು ನೇರವಾಗಿ ಹೇಳಿದರು. ಹುಡುಗಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. "ಇದನ್ನ ಹೇಳಾಕೇ ಇಷ್ಟು ದೂರ ಬಂದ್ರೇನ್ರೀ?" ಎಂದು ತಾಯಿ ಕೇಳಿದರು. ಅದರಲ್ಲಿ ಸಿಟ್ಟಿತ್ತೋ ಆಶ್ಚರ್ಯವಿತ್ತೋ ಇವತ್ತಿಗೂ ಕರಿಬಸಮ್ಮನಿಗೆ ಗೊತ್ತಿಲ್ಲ.

ಎದ್ದು ಹೊರಡುವ ಹೊತ್ತಿಗೆ ಬಾಗಿಲು ತೆರೆಯಿತು. ಅಕ್ಷಿತಾಳ ಕಣ್ಣು ಕೆಂಪಗಾಗಿದ್ದವು. "ಎರಡು ಮೀಟರ್ ಅಂದ್ರೆ ಎಷ್ಟು? ತೋರ್ಸಿ," ಎಂದಳು. ಕರಿಬಸಮ್ಮ ಅಂಗಳದಲ್ಲಿ ಟೇಪು ಹಾಸಿದರು. ಎರಡು ಮೀಟರ್ ಹೊಸ್ತಿಲಿನಿಂದ ಬಟ್ಟೆ ಒಗೆಯುವ ಕಲ್ಲಿನವರೆಗೂ ಬರಲಿಲ್ಲ. ಹುಡುಗಿ ಅದನ್ನೇ ನೋಡಿದಳು. ಹಿಂದಕ್ಕೆ ಹೋಗಿ ಓಡಿ ಬಂದು ಒಂದೇ ನೆಗೆತಕ್ಕೆ ಅಷ್ಟನ್ನೂ ದಾಟಿದಳು.

"ಒಂದು ಹೆಜ್ಜೆ. ನಂಗೆ ಒಂದು ಹೆಜ್ಜೆ ಕಮ್ಮಿ ಐತೆ, ಅಷ್ಟೇ ಅಲ್ಲೇನ್ರೀ?" ಎಂದವಳು, "ಹಂಗಾದ್ರೆ ನಂಗೊಂದು ಸರಿಯಾದ ನೂರು ಮೀಟರ್ ಹಾಕಿಕೊಡ್ರಿ," ಎಂದಳು.

ಊರಾಚೆ ಕಾಲುವೆ ಏರಿಯ ಮೇಲೆ ಅವತ್ತೇ ಹಾಕಿಕೊಟ್ಟರು. ಒಂದು ಸಲವಲ್ಲ, ಮೂರು ಸಲ ಅಳೆದರು. ಹುಡುಗಿ ಇಪ್ಪತ್ತು ದಿನ ಅದರ ಮೇಲೆ ಓಡಿದಳು. ಗೆರೆ ಮಾಸಿದಾಗಲೆಲ್ಲ ಕರಿಬಸಮ್ಮ ಬಂದು ಮತ್ತೆ ಎಳೆದರು. ದಾವಣಗೆರೆಯ ಜಿಲ್ಲಾ ಕೂಟದಲ್ಲಿ ಅಕ್ಷಿತಾ ಮೂರನೆಯವಳಾದಳು, ಹನ್ನೆರಡು ಪಾಯಿಂಟ್ ಏಳು. ಕಪ್ ತಂದ ದಿನಕ್ಕಿಂತ ಹೆಚ್ಚು ನಗುತ್ತಾ ಮನೆಗೆ ಬಂದಳಂತೆ.

ಅಕ್ಷಿತಾ ಈಗ ದಾವಣಗೆರೆಯಲ್ಲಿ ಡಿಗ್ರಿ ಮೊದಲ ವರ್ಷ ಓದುತ್ತಿದ್ದಾಳೆ, ಕಾಲೇಜಿನ ಪರವಾಗಿ ಓಡುತ್ತಾಳೆ. ಅವಳ ಈಗಿನ ಒಳ್ಳೆಯ ಸಮಯ ಹನ್ನೆರಡು ಪಾಯಿಂಟ್ ಮೂರು. ಫೋನಿನಲ್ಲಿ ಕೇಳಿದರೆ ಅವಳು ಹೇಳುವುದಿಷ್ಟು: "ಕರಿಬಸಕ್ಕ ಬಂದು ಹೇಳದೇ ಇದ್ದಿದ್ರೆ, ಡಿಸ್ಟ್ರಿಕ್ಟ್‌ನಾಗೆ ಹನ್ನೆರಡು ಏಳು ಬಂದಾಗ ನಾನು ಹಿಂದಕ್ಕೆ ಹೋದೆ ಅಂದ್ಕಂತಿದ್ದೆ. ಓಡೋದೇ ಬಿಡ್ತಿದ್ನೇನೋ. ಚನ್ನಗಿರಿ ಓಟ ಪೂರ್ತಿ ನೂರು ಮೀಟರ್ ಆಗಿದ್ರೆ ಹನ್ನೆರಡು ಎಂಟು ದಾಟ್ತಿತ್ತು. ಖರೆ ಅಂದ್ರೆ ಡಿಸ್ಟ್ರಿಕ್ಟ್‌ನಾಗೆ ನಾನು ಮೊದಲಿಗಿಂತ ಜೋರಾಗಿ ಓಡಿದ್ದೆ." ರಜೆಗೆ ಊರಿಗೆ ಬಂದಾಗ ಕಾಲುವೆ ಏರಿಗೆ ಹೊಸ ಗೆರೆ ಬೇಕೆಂದು ಸಾಸ್ವೆಹಳ್ಳಿಗೆ ಫೋನ್ ಮಾಡುತ್ತಾಳೆ.

ನ್ಯಾಮತಿಯಲ್ಲಿ ಬಿಸಿಲು ಏರಿದೆ. ಟ್ರ್ಯಾಕ್ ಮುಗಿದಿದೆ. ಬಸ್ಸು, ಟೆಂಪೋಗಳಿಂದ ಇಳಿದ ಮಕ್ಕಳು ಗೆರೆ ತುಳಿಯದಂತೆ ದಾಟುವುದನ್ನು ಕರಿಬಸಮ್ಮ ಮರದಡಿ ಕೂತು, ಚಿತ್ರಾನ್ನ ತಿನ್ನುತ್ತಾ ನೋಡುತ್ತಾರೆ. ಮೊಣಕಾಲು ನೀವಿಕೊಳ್ಳುತ್ತಾರೆ. ನಿಮಗೇನು ಬೇಕು ಎಂದರೆ ಮೊದಲು ಏನೂ ಬೇಡವೆನ್ನುತ್ತಾರೆ. ಗಂಡನಿಗೆ ಒಂದು ತುತ್ತು ಹೆಚ್ಚು ಹಾಕಿ, ಆಮೇಲೆ ತಾವಾಗಿಯೇ ಮಾತು ತೆಗೆಯುತ್ತಾರೆ.

"ಒಂದು ಆಸೆ ಐತೆ ನೋಡ್ರಿ. ಈ ನಾಕು ತಾಲ್ಲೂಕಿನಾಗೆ ನಾನು ಹೋಗೋ ಮೈದಾನದಾಗೆಲ್ಲ ಆರೇ ಲೇನು ಹಿಡಿಯೋದು. ಫೈನಲ್‌ಗೆ ಆರೇ ಮಂದಿ. ಏಳನೇದು, ಎಂಟನೇದು ಬಂದ ಮಕ್ಕಳು ಕೂದಲೆಳೆಯಾಗೆ ಫೈನಲ್ ಕೈತಪ್ಪಿ, ಚಪ್ಪಲಿ ಹಾಕ್ಕಂಡು ಬಸ್ಸಿನ ಕಡೆ ಹೋಗ್ತಾವೆ. ಎಲ್ಲಾದ್ರೂ ಒಂದು ಅಗಲ ಇರೋ ಜಾಗ ಕೊಟ್ರೆ, ಒಂದ್ಸಲ ಎಂಟು ಲೇನು ಹಾಕ್ತೀನಿ. ಇನ್ನಿಬ್ರು ಓಡ್ಲಿ."