ನಡುಕೋಣೆಯ ಬಾಗಿಲು ತಟ್ಟಿದ್ದು

ತಮ್ಮದೇ ಮನೆಯೊಳಗಿನ ಬಾಗಿಲನ್ನು ತಟ್ಟಿ, ಒಳಗಿನವರು ಏಳಲೆಂದು ಕಾದು ನಿಲ್ಲುವ ಕ್ರಮ ನಿಮ್ಮಲ್ಲಿ ಉಂಟೋ ಇಲ್ಲವೋ ನಾನರಿಯೆ; ನಮ್ಮಲ್ಲಿ ಇತ್ತು, ವರ್ಷಕ್ಕೆ ಒಮ್ಮೆ ಮಾತ್ರ. ಆ ಬಾಗಿಲು ನಮ್ಮ ಕಾವೂರಿನ ಮನೆಯ ನಡುಕೋಣೆಯದು, ಹಲಸಿನ ಮರದ್ದು. ಮಳೆಗಾಲ ಬಂತೆಂದರೆ ತೇವ ಕುಡಿದು ಊದಿಕೊಂಡು ದಾರಂದಕ್ಕೆ ಸಿಕ್ಕಿಹಾಕಿಕೊಳ್ಳುತ್ತಿದ್ದ ಅದನ್ನು ಹಾಕುವುದಿದ್ದರೂ ತೆರೆಯುವುದಿದ್ದರೂ ಮೊಣಕಾಲಿನಿಂದ ತುಸು ಎತ್ತಬೇಕಿತ್ತು. ಬಡಗಿಯನ್ನು ಕರೆಸಿ ಒಂದಿಷ್ಟು ಕೆತ್ತಿಸಬೇಕೆಂದು ಅಪ್ಪ ಪ್ರತಿ ಜೂನಿನಲ್ಲಿ ಹೇಳುತ್ತಿದ್ದರು, ಪ್ರತಿ ಅಕ್ಟೋಬರಿನಲ್ಲಿ ಮರೆಯುತ್ತಿದ್ದರು.

ಆಟಿ ತಿಂಗಳಲ್ಲಿ, ಅಂದರೆ ಹೆಚ್ಚುಕಡಿಮೆ ಆಷಾಢದ ಮಳೆಯಲ್ಲಿ, ನಮ್ಮವರು ತೀರಿಹೋದವರಿಗೆ ಬಡಿಸುತ್ತಾರೆ. ಮುಸ್ಸಂಜೆಗೆ ನಡುಕೋಣೆಯಲ್ಲಿ ದೀಪವಿಟ್ಟು, ಬಾಳೆ ಎಲೆ ಹಾಸಿ, ಕುಚ್ಚಲಕ್ಕಿ ಅನ್ನದ ಜೊತೆಗೆ ಅವರು ಬದುಕಿದ್ದಾಗ ಆಸೆಪಟ್ಟು ತಿನ್ನುತ್ತಿದ್ದುದನ್ನೆಲ್ಲ ಬಡಿಸಿ, ಎಲ್ಲರೂ ಹೊರಗೆ ಬಂದು ಬಾಗಿಲು ಹಾಕಿ ಮಾತಿಲ್ಲದೆ ಕುಳಿತುಕೊಳ್ಳುವುದು. ಸ್ವಲ್ಪ ಹೊತ್ತಾದ ಮೇಲೆ ಬಾಗಿಲು ತಟ್ಟಿಯೇ ತೆರೆಯಬೇಕು; ಊಟಕ್ಕೆ ಕುಳಿತವರ ಎದುರಿಗೆ ಧುತ್ತೆಂದು ನುಗ್ಗುವುದು ಮರ್ಯಾದೆಯಲ್ಲ. ನಮ್ಮ ಅಪ್ಪ ಸಿಟಿ ಬಸ್ಸಿನ ಕಂಡಕ್ಟರ್. ಬಸ್ಸಿನ ತಗಡಿಗೆ ಅಂಗೈಯಿಂದ ಒಮ್ಮೆ ಬಡಿದರೆ ನಿಲ್ಲಬೇಕು, ಎರಡು ಸಲ ಬಡಿದರೆ ಹೊರಡಬೇಕು ಎಂಬ ಶಾಸ್ತ್ರದಲ್ಲಿ ಪಳಗಿದ ಆ ಕೈ ನಡುಕೋಣೆಯ ಬಾಗಿಲನ್ನೂ ಹಾಗೆಯೇ ಎರಡು ಸಲ ಧಡಧಡನೆ ಬಡಿಯುತ್ತಿತ್ತು. ಹಿರಿಯರನ್ನು ಬಸ್ಸು ಹತ್ತಿಸಿ ಪೇಟೆ ನಡುವಿನ ಹಂಪನಕಟ್ಟೆಗೆ ಕಳುಹಿಸುವ ಅವಸರವೇನೆಂದು ಅಮ್ಮ ಪ್ರತಿ ವರ್ಷ ಗೊಣಗುತ್ತಿದ್ದರು.

ಆ ಮನೆ ನಮ್ಮ ಮೊದಲ ಮನೆ. ಅದಕ್ಕಿಂತ ಮುಂಚೆ ಇದ್ದದ್ದು ಹಂಪನಕಟ್ಟೆಯ ಹಿಂದಿನ ಒಂದು ಸಾಲುಮನೆಯ ಬಾಡಿಗೆ ಕೋಣೆಯಲ್ಲಿ. ಅಲ್ಲಿ ಪಕ್ಕದವರ ಕೆಮ್ಮಿಗೆ ನಮ್ಮ ನಿದ್ದೆ ಕೆಡುತ್ತಿತ್ತು, ನಮ್ಮ ಒಗ್ಗರಣೆಗೆ ಅವರು ಸೀನುತ್ತಿದ್ದರು. ಗುಡ್ಡದ ಇಳಿಜಾರಿನ ಜಾಗವೆಂದು ಬೇರೆಯವರು ಬೇಡವೆಂದದ್ದನ್ನು ಅಪ್ಪ ಕೊಂಡರು. ರಜೆಯ ದಿನಗಳಲ್ಲಿ ತಾವೇ ಮುರಕಲ್ಲು ಹೊತ್ತು ಇಳಿದು, ಮೊದಲು ಅಡುಗೆಮನೆ, ಎರಡು ವರ್ಷ ಕಳೆದು ನಡುಕೋಣೆ, ಮತ್ತೆ ಎಷ್ಟೋ ಸಮಯಕ್ಕೆ ಚಾವಡಿ, ಹೀಗೆ ಉಸಿರು ಸಿಕ್ಕಿದಾಗಲೆಲ್ಲ ಒಂದೊಂದು ಕೋಣೆಯಾಗಿ ಕಟ್ಟಿದರು. ರಸ್ತೆಯಿಂದ ಅಂಗಳಕ್ಕೆ ನಲವತ್ತೆರಡು ಮೆಟ್ಟಿಲು. ಅಷ್ಟನ್ನೂ ಕಡಿದವರು ಅವರೇ.

ನಡುಕೋಣೆಗೆ ಬಾಗಿಲು ಬಂದ ವರ್ಷದ ಆಟಿಯಲ್ಲಿ ಅಮ್ಮ ಎಲೆ ಹಾಸುತ್ತಾ ಹಾಸುತ್ತಾ ಕಣ್ಣು ತುಂಬಿಕೊಂಡರು. ಅಜ್ಜಿ, ಅಂದರೆ ಅಮ್ಮನ ತಾಯಿ, ಹಿಂದಿನ ಬೇಸಗೆಯಲ್ಲಿ ಊರಿನಲ್ಲಿ ತೀರಿಹೋಗಿದ್ದರು. ಮಗಳ ಸ್ವಂತ ಮನೆಯನ್ನು ಅವರು ನೋಡಿಯೇ ಇರಲಿಲ್ಲ. ಕಾಣದ ಮನೆಗೆ ಆಕೆ ದಾರಿ ಹುಡುಕಿಕೊಂಡು ಹೇಗೆ ಬಂದಾರು ಎಂಬುದು ಅಮ್ಮನ ಸಂಕಟ. ಎಂಟು ವರ್ಷದ ನಾನು ಬಾಗಿಲ ಸಂದಿಯಲ್ಲಿ ನಿಂತಿದ್ದೆ. ಎಲ್ಲರೂ ಹೊರಬಂದ ಮೇಲೆ ದೀಪದ ಬತ್ತಿ ಸರಿಮಾಡುವ ನೆಪದಲ್ಲಿ ಒಳಗೆ ಉಳಿದ ಅಪ್ಪ, ಮೀನಿಗೆ ಬರ ಬರುವ ಆ ಮಳೆಯಲ್ಲಿ ಎಲ್ಲಿಂದಲೋ ತಂದು ಎಣ್ಣೆಯಲ್ಲಿ ಕಾಯಿಸಿಟ್ಟಿದ್ದ ಅಜ್ಜಿಯ ಇಷ್ಟದ ಬಂಗುಡೆಯ ಬಾಲದ ಕಡೆಯಿಂದ ಒಂದು ತುಂಡನ್ನು ಮುರಿದು ಬಾಯಿಗೆ ಹಾಕಿಕೊಂಡದ್ದನ್ನು ನಾನು ಕಂಡೆ, ನಾನು ಕಂಡದ್ದನ್ನು ಅವರೂ ಕಂಡರು. ತುಟಿಯ ಮೇಲೆ ಬೆರಳಿಟ್ಟರು. ಬಾಗಿಲು ತಟ್ಟಿ ತೆರೆದಾಗ ಅಮ್ಮ ಎಲೆಯನ್ನು ನೋಡಿದ ರೀತಿ ನನಗೆ ಈಗಲೂ ನೆನಪುಂಟು. ಆ ಸಂಜೆ ಅವರು ಹೊಟ್ಟೆ ತುಂಬ ಉಂಡರು.

ಮುಂದೆ ಪ್ರತಿ ವರ್ಷವೂ ಅಜ್ಜಿ ತಪ್ಪದೆ ಬಂದರು. ಹನ್ನೊಂದು ವರ್ಷದ ಹಿಂದೆ ಅಪ್ಪ ಹೋದರು, ಎಲೆ ಅವರ ಹೆಸರಿಗೂ ಬಿತ್ತು, ಕೊನೆಯದಾಗಿ ಕೋಣೆಯಿಂದ ಹೊರಬರುವ ಪಾಳಿ ನನ್ನದಾಯಿತು. ನಾನು ಮುರಿಯಲಿಲ್ಲ. ಶಾಲೆಯಲ್ಲಿ ಮಕ್ಕಳಿಗೆ ವಿಜ್ಞಾನ ಹೇಳುವವಳು, ಅಮ್ಮನಿಗೇ ಮೋಸ ಮಾಡುವುದೇ ಎಂಬ ಬಿಗುಮಾನ. ಹನ್ನೊಂದು ಆಟಿಗಳಲ್ಲೂ ಅಮ್ಮ ಬಾಗಿಲು ತೆರೆದು, ಎಲೆಯ ಮೇಲಿನ ಇಡೀ ಮೀನನ್ನು ಒಂದು ಗಳಿಗೆ ನೋಡಿ, ದೀಪ ತೆಗೆದರು. ಆ ನೋಟ ನನಗೆ ಕಾಣಿಸುತ್ತಿತ್ತು. ಕಂಡೂ ಸುಮ್ಮನಿದ್ದೆ.

ಈಗ ಆ ನಲವತ್ತೆರಡು ಮೆಟ್ಟಿಲುಗಳೇ ನಮ್ಮನ್ನು ಹೊರಗೆ ಹಾಕಿದವು. ಹೋದ ಮಳೆಗಾಲದಲ್ಲಿ ಅಮ್ಮ ಪಾಚಿಯ ಮೇಲೆ ಜಾರಿ ಬಿದ್ದಾಗ ನೆರೆಯವರು ಕುರ್ಚಿಯಲ್ಲಿ ಕೂರಿಸಿ ರಸ್ತೆಯವರೆಗೆ ಹೊತ್ತರು. ಆ ಮೊಣಕಾಲು ಮತ್ತೆ ಮೊದಲಿನಂತಾಗಲಿಲ್ಲ. ದುಬೈಯಲ್ಲಿರುವ ತಮ್ಮನೂ ನಾನೂ ಸೇರಿ ಕೊಟ್ಟಾರದಲ್ಲಿ ಲಿಫ್ಟ್ ಇರುವ ಒಂದು ಫ್ಲಾಟ್ ಕೊಂಡೆವು. ಈ ಮನೆಯನ್ನು ಕೊಂಡವರು ಇದನ್ನು ಕೆಡವಿ ಬೇರೆ ಕಟ್ಟುವವರು. ಆಟಿಯಲ್ಲಿ ಹೊಸ ಮನೆಗೆ ಒಕ್ಕಲು ಹೋಗಬಾರದು, ಆದ್ದರಿಂದ ಅದರ ಮುಂದಿನ ಸೋಣ ತಿಂಗಳಿಗೆಂದು ಗೊತ್ತುಮಾಡಿ ನಾನು ವಿಳಾಸ ಬದಲಿಸುವ ಕೆಲಸಕ್ಕೆ ಇಳಿದೆ: ಗ್ಯಾಸಿನವರಿಗೊಂದು ಅರ್ಜಿ, ಬ್ಯಾಂಕಿಗೊಂದು, ರೇಷನ್ ಕಾರ್ಡಿಗೆ ಮೂರು. ಪಟ್ಟಿ ಮುಗಿಯಿತೆಂದು ಅಮ್ಮನಿಗೆ ಓದಿ ಹೇಳಿದೆ. ಪಾತ್ರೆ ಕಟ್ಟುತ್ತಿದ್ದವರು ತಲೆಯೆತ್ತಿ, ಅಪ್ಪನಿಗೆ ಯಾರು ಹೇಳುವುದು ಎಂದು ಕೇಳಿದರು.

"ಸತ್ತವರಿಗೆ ಎಂತದ್ದು ಅಡ್ರೆಸ್ಸು, ಅಮ್ಮ?" ಎಂದೆ.

ಅವರು ಕಟ್ಟಿದ ಗೋಣಿಯನ್ನು ಬಿಚ್ಚಿ ಕಂಚಿನ ಚೆಂಬು, ಕೌಳಿಗೆಗಳನ್ನು ಒಂದೊಂದಾಗಿ ಅವುಗಳ ಹಳೆಯ ಜಾಗದಲ್ಲಿಯೇ ಇಟ್ಟರು. ತಾನು ಬರುವುದಿಲ್ಲ, ನೀನು ಬೇಕಾದರೆ ಹೋಗು ಎಂದು ಮರುದಿನ ಬೆಳಿಗ್ಗೆ ಕಾಫಿ ಕೊಡುವಾಗ ಹೇಳಿದರು. ಸಿಟ್ಟಿನ ಮಾತಾಗಿದ್ದರೆ ಸಮಾಧಾನ ಮಾಡಬಹುದಿತ್ತು. ಇದು ತೀರ್ಮಾನದ ಮಾತಾಗಿತ್ತು.

ಆ ವಾರವಿಡೀ ನಾನು ಯೋಚಿಸಿದೆ. ಮನೆಯೆಂದರೆ ಏನೆಂದು ನಾವು ಲೆಕ್ಕ ಹಾಕುತ್ತೇವೆ? ಗೋಡೆ, ಮಾಡು, ಅಂಗಳ, ಬಾವಿ. ಇವೆಲ್ಲ ಕೊಟ್ಟು ಕೊಳ್ಳುವ ವಸ್ತುಗಳು, ಅವುಗಳನ್ನು ಬಿಡಲು ಎರಡು ದಿನದ ದುಃಖ ಸಾಕು. ಆದರೆ ಮನುಷ್ಯನಿಗೆ ಮನೆ ಬೇಕಾದದ್ದು ತಾನು ಇರುವುದಕ್ಕೆ ಎಷ್ಟೋ, ತನ್ನನ್ನು ಹುಡುಕಿಕೊಂಡು ಬರುವವರಿಗೆ ಸಿಗುವುದಕ್ಕೂ ಅಷ್ಟೇ ಎಂಬುದು ನನಗೆ ಹೊಳೆದಿರಲಿಲ್ಲ. ಅಮ್ಮನಿಗೆ ಮೊದಲ ದಿನದಿಂದಲೇ ಗೊತ್ತಿತ್ತು. ಈ ಮನೆಗೆ ಬಂದಾಗ ತಾಯಿಗೆ ದಾರಿ ತಪ್ಪೀತೆಂದು ಅತ್ತವರು, ಬಿಡುವಾಗ ಗಂಡನಿಗೆ ದಾರಿ ತಪ್ಪೀತೆಂದು ಕೂತರು. ಆವತ್ತು ಆ ಅಳುವಿಗೆ ಮರುಗಿದ ಒಬ್ಬರು ಇದ್ದರು. ಇವತ್ತು ಇದ್ದದ್ದು ನಾನು. ನನ್ನ ಮೇಲೆ ನನಗೇ ನಾಚಿಕೆಯಾಯಿತು.

ಆ ಸಲ ಬಡಿಸಿದ್ದು ಧಾರಾಕಾರ ಮಳೆಯ ಸಂಜೆ. ಎಲೆಯ ಮುಂದೆ ಕೈಮುಗಿದು ಅಮ್ಮ ಬಹಳ ಹೊತ್ತು ತುಟಿಯಲ್ಲೇ ಏನೋ ಹೇಳಿಕೊಂಡರು. ಅವರು ಹೊರಗೆ ಹೋದ ಮೇಲೆ ನಾನು ಬತ್ತಿ ಸರಿಮಾಡಲು ಕುಳಿತೆ, ಬತ್ತಿ ಸರಿಯಾಗಿಯೇ ಇತ್ತು. ಕೈ ತಾನಾಗಿ ಹೋಯಿತು. ಯಾವ ಕಡೆಯಿಂದ ಮುರಿಯುವುದೆಂದು ಯೋಚಿಸಲೂ ಇಲ್ಲ. ಬಂಗುಡೆಯ ತುಂಡನ್ನು ಬಾಯಿಗೆ ಹಾಕಿಕೊಂಡು ನುಂಗಿದೆ. ಹೊರಗೆ ಬಂದು, ಮೊಣಕಾಲಿನಿಂದ ಎತ್ತಿ, ಬಾಗಿಲು ಹಾಕಿದೆ.

ಹೊತ್ತಾದ ಮೇಲೆ ಅಮ್ಮ ಮೆಲ್ಲಗೆ ತಟ್ಟಿದರು, ನಾನು ತೆರೆದೆ. ಅವರು ಎಲೆಯನ್ನು ನೋಡಿದರು. ಮತ್ತೆ ನನ್ನನ್ನು ನೋಡಿದರು. ನಾವು ಮನೆಯಲ್ಲಿ ಆಡುವುದು ತುಳು. ಅವರು ಅಂದದ್ದನ್ನು ಕನ್ನಡಕ್ಕೆ ತಂದರೆ ಹೀಗೆ ಆದೀತು:

"ನೀನು ಸಹ ಬಾಲದ ಕಡೆಯಿಂದಲೇ ಮುರಿದದ್ದಾ?"

ಅಮ್ಮ ಗೋಡೆ ಹಿಡಿದು ನಿಧಾನವಾಗಿ ಎಲೆಯ ಹತ್ತಿರ ಕುಳಿತರು.

"ಅವರು ಮುರಿಯುತ್ತಿದ್ದದ್ದು ನನಗೆ ಗೊತ್ತುಂಟು, ಮಗಾ. ಮೊದಲನೇ ವರ್ಷವೇ ಗೊತ್ತುಂಟು, ಅವರ ಬಾಯಿಯಲ್ಲಿ ಮೀನಿನ ವಾಸನೆ ಇತ್ತು. ಅವರು ಹೋದ ಮೇಲೆ ಯಾರೂ ಮುರಿಯಲಿಲ್ಲ. ಹಾಗಾದ್ರೆ ಅವರದ್ದು ಎಂತದೂ ಇಲ್ಲಿ ಉಳಿಯಲಿಲ್ಲ ಅಂತ ಗ್ರಹಿಸಿದ್ದೆ ನಾನು."

ಮುರಿದ ಮೀನಿನ ಇನ್ನೊಂದು ತುಂಡನ್ನು ತೆಗೆದು ಅವರು ನನ್ನ ಕೈಯಲ್ಲಿಟ್ಟರು. ನಾನು ಅತ್ತೆ, ಸಣ್ಣವಳ ಹಾಗೆ ಸದ್ದು ಮಾಡಿ ಅತ್ತೆ. ಅಳು ನಿಂತ ಮೇಲೆ ಅಮ್ಮ, ದಿನಕ್ಕೆ ಎಂಟು ಸಲ ಬಸ್ಸಿನ ಬಾಗಿಲಲ್ಲಿ ನಿಂತು ಕೊಟ್ಟಾರ, ಕೊಟ್ಟಾರ ಎಂದು ಕೂಗಿದ ಮನುಷ್ಯನಿಗೆ ಕೊಟ್ಟಾರದ ದಾರಿ ಬೇರೆ ಹೇಳಿಕೊಡಬೇಕಾ ಎಂದರು. ಮರುದಿನ ಚೆಂಬು, ಕೌಳಿಗೆಗಳು ಗೋಣಿ ಸೇರಿದವು.

ಸೋಣದ ಒಂದು ಬೆಳಿಗ್ಗೆ ಸಾಮಾನೆಲ್ಲ ಮೇಲೆ ಟೆಂಪೋ ಸೇರಿತು. ಕುರ್ಚಿ ತಂದ ನೆರೆಯವರಿಗೆ ಬೇಡವೆಂದು ಹೇಳಿ, ಅಮ್ಮ ಒಬ್ಬರ ಹೆಗಲು ಹಿಡಿದು, ಅಪ್ಪ ಕಡಿದ ಮೆಟ್ಟಿಲುಗಳನ್ನು ಒಂದೊಂದಾಗಿ ಕಾಲಿನಿಂದಲೇ ಹತ್ತಿದರು. ಬೀಗ ಹಾಕಲೆಂದು ಹಿಂದೆ ಉಳಿದವಳು ನಾನು. ಸಾಮಾನು ಹೊರುವವರು ಎಳೆದುಬಿಟ್ಟಿದ್ದರೋ ಏನೋ, ನಡುಕೋಣೆಯ ಬಾಗಿಲು ಹಾಕಿತ್ತು. ಕಿಟಕಿ ಭದ್ರವಾಗಿದೆಯೇ ಎಂದು ನೋಡಬೇಕಿತ್ತು. ಒಳಗೆ ದೀಪವಿಲ್ಲ, ಎಲೆಯಿಲ್ಲ, ಬರೀ ನೆಲ ಎಂದು ನನಗೆ ಗೊತ್ತು. ಆದರೂ ಚಿಲಕದತ್ತ ಹೋದ ಕೈ ನಿಂತಿತು.

ಅಂಗೈ ಅಗಲಿಸಿ ಎರಡು ಸಲ ಬಡಿದೆ, ಅಪ್ಪ ಬಡಿಯುತ್ತಿದ್ದ ಹಾಗೆ, ಗಟ್ಟಿಯಾಗಿ. ಒಳಗಿನವರು ಏಳುವಷ್ಟು ಹೊತ್ತು ಕಾದು ಬಾಗಿಲನ್ನು ಮೊಣಕಾಲಿನಿಂದ ಎತ್ತಿ ತೆರೆದೆ, ಮತ್ತೆ ಹಾಕಲಿಲ್ಲ. ಹೊರಬಾಗಿಲಿಗೂ ಬೀಗ ಹಾಕುವ ಮನಸ್ಸಾಗಲಿಲ್ಲ. ಮೇಲಿನಿಂದ ಟೆಂಪೋದವನು ಹಾರ್ನ್ ಹೊಡೆಯುತ್ತಿದ್ದ. ನಾನು ಮಾತ್ರ ಮೆಟ್ಟಿಲುಗಳನ್ನು ನಿಧಾನವಾಗಿ ಹತ್ತಿದೆ, ಹಿಂದಿನಿಂದ ಬರುವವರಿಗೆ ಅವಸರವಾಗಬಾರದಲ್ಲ.